ಓಡೋಕೆ ಶುರು ಮಾಡಿದ್ಮೇಲೆ ಸಂಜೆ ತಿನ್ನೋದು ಕೈ ಮೀರ್ತಿದೆ, ನಿಮಗೂ ಹೀಗಾಗಿದ್ಯಾ?

ಮುಂಜಾನೆ_ಹೆಜ್ಜೆ:
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳ್ಬೇಕು ಅಂದ್ಕೊಂಡು ಸುಮ್ನಾಗ್ತಿದ್ದೆ, ಇವತ್ತು ಬರೆದೇಬಿಡೋಣ ಅಂತ ಕೂತೆ. ನಾಲ್ಕು ತಿಂಗಳಿಂದ ವಾರಕ್ಕೆ ಐದು ದಿನ ಬೆಳಗ್ಗೆ ಓಡ್ತಿದೀನಿ, ದಿನಕ್ಕೆ 6 ಕಿಮೀ, ಸುಮಾರು 45 ನಿಮಿಷ ಹಿಡಿಯುತ್ತೆ. ಶುರುನಲ್ಲಿ 200 ಮೀಟರ್‌ಗೇ ಏದುಸಿರು ಬರ್ತಿತ್ತು, ಈಗ ನಿಲ್ಲದೆ ಓಡ್ತೀನಿ, ಆ ಖುಷಿ ಇದೆ. ಆದ್ರೆ ತೂಕ 82 ಇದ್ದಿದ್ದು 83.5 ಆಗಿದೆ. ಯಾಕೆ ಅಂತ ನನಗೇ ಗೊತ್ತು, ಸಂಜೆ ಏಳರಿಂದ ಒಂಬತ್ತರವರೆಗೆ ನಾನು ತಿನ್ನೋ ರೀತಿ. ಊಟಕ್ಕೆ ಮುಂಚೆ ಒಂದು ಪ್ಯಾಕೆಟ್ ಬಿಸ್ಕತ್ತು ಖಾಲಿ, ಆಮೇಲೆ ಪೂರ್ತಿ ಊಟ, ಅದಾದ್ಮೇಲೂ ಡಬ್ಬ ಡಬ್ಬ ತೆಗೆದು ನೋಡ್ತಾ ಇರ್ತೀನಿ. ಹೊಟ್ಟೆ ಬಿರಿಯೋ ಹಾಗೆ ಆದ್ರೂ ಬಾಯಿ ನಿಲ್ಲಲ್ಲ. ಓಡೋಕೆ ಮುಂಚೆ ನಾನು ಹೀಗಿರ್ಲಿಲ್ಲ, ನಿಜವಾಗ್ಲೂ. ವಾಚು ದಿನಾ 680 ಕ್ಯಾಲರಿ ಸುಟ್ಟಿದೀರಿ ಅಂತ ತೋರ್ಸುತ್ತೆ, ಆ ಸಂಖ್ಯೆ ನೋಡ್ದಾಗ ಪರವಾಗಿಲ್ಲ ಇಷ್ಟು ಓಡಿದೀನಲ್ಲ ಅನ್ಸುತ್ತೆ, ತಿಂದ್ಮೇಲೆ ಬೇಜಾರು. ಓಟದಂಥ ಏದುಸಿರಿನ ವ್ಯಾಯಾಮ, ಅಂದ್ರೆ ಕಾರ್ಡಿಯೋನೇ ಹೀಗೆ ಮಾಡ್ಸುತ್ತಾ, ಇಲ್ಲ ನನ್ನಲ್ಲೇ ಏನೋ ತೊಂದ್ರೆ ಇದ್ಯಾ?

ಪೆಡಲ್:
ನಂಗೂ ಇದೇ ಆಗಿತ್ತು, ಸೈಕಲ್ ಶುರು ಮಾಡಿದ ಮೊದಲ ವರ್ಷ. ಒಬ್ರೇ ಅಲ್ಲ ನೀವು.

ಲೆಕ್ಕದ_ಪುಸ್ತಕ:
ಮೊದಲು ಆ 680 ಬಿಡ್ಸೋಣ. ಓಟಕ್ಕೆ ಒಂದು ಸರಳ ಅಂದಾಜಿದೆ, ಒಂದು ಕೆಜಿ ತೂಕಕ್ಕೆ ಒಂದು ಕಿಮೀಗೆ ಹೆಚ್ಚೂಕಮ್ಮಿ 1 ಕ್ಯಾಲರಿ. ನೀವು 82 ಕೆಜಿ, 6 ಕಿಮೀ, ಅಂದ್ರೆ 490 ಹತ್ರ. ಅದ್ರಲ್ಲೂ ಆ 45 ನಿಮಿಷ ನೀವು ಸುಮ್ನೆ ಕೂತಿದ್ರೂ ಸುಮಾರು 60 ಖರ್ಚಾಗ್ತಿತ್ತು, ಅದನ್ನ ಕಳೀರಿ. ಓಟದಿಂದ ನಿಜವಾಗಿ ಹೆಚ್ಚಿಗೆ ಹೋಗಿದ್ದು 430. ವಾಚು ಹೇಳಿದ್ದಕ್ಕೂ ಇದಕ್ಕೂ 250 ವ್ಯತ್ಯಾಸ, ದಿನಾ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟೋ ಏಳು ಸಾಧನ ಪರೀಕ್ಷೆ ಮಾಡಿದ್ರು, ಎದೆಬಡಿತ ಬಹುಪಾಲು ಸರಿಯಾಗೇ ಅಳೀತಿದ್ವು, ಕ್ಯಾಲರಿ ವಿಷಯಕ್ಕೆ ಬಂದ್ರೆ ಇದ್ದಿದ್ರಲ್ಲಿ ಚೆನ್ನಾಗಿದ್ದಿದ್ದೇ ಸರಾಸರಿ 27% ತಪ್ಪು, ಎಲ್ಲಕ್ಕಿಂತ ಕೆಟ್ಟದ್ದು 93%.

ಇನ್ನೊಂದು ಕೇಳ್ಬೇಕು, ನಿಮ್ಮ ವಾಚು ಊಟ ಬರೆಯೋ ಆ್ಯಪ್‌ಗೆ ಕನೆಕ್ಟ್ ಆಗಿದ್ಯಾ? ಆಗಿದ್ರೆ ಆ ಆ್ಯಪ್ ಈ 680ನ ನಿಮ್ಮ ದಿನದ ಊಟದ ಲೆಕ್ಕಕ್ಕೆ ವಾಪಸ್ ಸೇರ್ಸಿ ಇನ್ನೂ ಇಷ್ಟು ತಿನ್ಬಹುದು ಅಂತ ತೋರ್ಸುತ್ತೆ. ಅದ್ರ ಮೇಲೆ ಸೆಟಪ್ ಮಾಡುವಾಗ "ತುಂಬಾ ಚಟುವಟಿಕೆ" ಅಂತ ಆರಿಸಿದ್ರೆ ಅದೇ ಓಟ ಎರಡು ಸಲ ಲೆಕ್ಕಕ್ಕೆ ಬಿತ್ತು ಅಂತ ಅರ್ಥ. ಇದು ತುಂಬಾ ಜನಕ್ಕೆ ಗೊತ್ತಾಗೋದೇ ಇಲ್ಲ.

ತಿನ್ನೋ ಕಡೆ ನೋಡಿ, ಕಡಲೆಬೀಜ 100 ಗ್ರಾಂಗೆ 570 ಹತ್ರ ಕ್ಯಾಲರಿ. 430 ಸುಡೋಕೆ ಮುಕ್ಕಾಲು ಗಂಟೆ ಬೆವರು ಸುರಿಸ್ಬೇಕು, ಅದನ್ನ ತಿನ್ನೋಕೆ ಐದು ನಿಮಿಷ ಸಾಕು.

ಮುಂಜಾನೆ_ಹೆಜ್ಜೆ:
ಹೌದು ಸರ್ ಕನೆಕ್ಟ್ ಆಗಿದೆ, "ತುಂಬಾ ಚಟುವಟಿಕೆ" ಅಂತಾನೇ ಹಾಕಿದೀನಿ. ಈಗ ನೋಡ್ತಿದ್ರೆ ಹೊಟ್ಟೆ ಉರಿಯುತ್ತೆ. ಆದ್ರೆ ಒಂದು ಮಾತು, ಸಂಜೆ ತಿನ್ನುವಾಗ ನಾನು ಆ್ಯಪ್ ನೋಡ್ಕೊಂಡು ತಿನ್ನಲ್ಲ. ಅದು ಲೆಕ್ಕದ ತಪ್ಪು ಮಾತ್ರ ಅಲ್ಲ ಅನ್ಸುತ್ತೆ. ಕೈ ತಡೆಯಲ್ಲ, ಅಷ್ಟೇ.

ಹಳೇ_ಓಟಗಾರ:
ನಾನು ಕೇಳೋದು ಬೇರೆ. ಓಡಿ ಬಂದ್ಮೇಲೆ ಏನು ತಿಂತೀರಿ? ಮಧ್ಯಾಹ್ನ ಎಷ್ಟು? ರಾತ್ರಿ ಎಷ್ಟೊತ್ತಿಗೆ ಮಲಗ್ತೀರಿ? ಇದು ಮೂರೂ ಹೇಳಿ, ಆಮೇಲೆ ಮಾತಾಡೋಣ.

ಕಬ್ಬಿಣ_ಎತ್ತೋನು:
ಓಡೋದು ಬಿಡಿ, ಭಾರ ಎತ್ತಿ. ಕಾರ್ಡಿಯೋ ಹಸಿವು ಕೆರಳ್ಸುತ್ತೆ, ಕೊನೆಗೆ ತೂಕಾನೂ ಇಳಿಯಲ್ಲ. ನಾನು ಎರಡು ವರ್ಷ ಟ್ರೆಡ್‌ಮಿಲ್ ಮೇಲೆ ಕಳೆದು ಕಲಿತ ಪಾಠ ಇದು.

ಮುಂಜಾನೆ_ಹೆಜ್ಜೆ:
@ಹಳೇ_ಓಟಗಾರ ಓಡಿ ಬಂದ್ಮೇಲೆ ಹಸಿವೇ ಇರಲ್ಲ, ಊಟ ತಿಂಡಿ ಅಂದ್ರೆ ವಾಕರಿಕೆ ಬರೋ ಹಾಗೆ ಇರುತ್ತೆ, ಅದಕ್ಕೆ ಬರೀ ಕಾಫಿ ಕುಡಿದು ಕೆಲಸಕ್ಕೆ ಹೋಗ್ತೀನಿ. ಹೇಗೂ ಹಸಿವಿಲ್ಲ, ಅಷ್ಟು ಉಳೀತು ಅಂತ. ಮಧ್ಯಾಹ್ನ ಬೇಕಂತಲೇ ಕಮ್ಮಿ, ಸ್ವಲ್ಪ ತರಕಾರಿ, ಒಂದು ಮೊಟ್ಟೆ. ಮಲಗೋದು ಹನ್ನೊಂದೂವರೆ, ಏಳೋದು ಐದಕ್ಕೆ ಹತ್ತು ನಿಮಿಷ ಮುಂಚೆ.

ಹಳೇ_ಓಟಗಾರ:
ನಿಮ್ಮ ಉತ್ತರದಲ್ಲೇ ಕಾರಣ ಇದೆ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನದಿಂದ ಓದಿ.

ಜೋರಾಗಿ ಓಡಿದ ಮೇಲೆ ಹಸಿವು ಆಗ್ದೇ ಇರೋದು ಸಹಜ. ಹೊಟ್ಟೆಯಿಂದ ಬರೋ ಗ್ರೆಲಿನ್ ಅಂತ ಒಂದು ಹಾರ್ಮೋನ್ ಇದೆ, ಹಸಿವು ಎಬ್ಬಿಸೋದು ಅದೇ, ಏದುಸಿರು ಬರೋ ಹಾಗೆ ವ್ಯಾಯಾಮ ಮಾಡ್ದಾಗ ಅದು ತಾತ್ಕಾಲಿಕವಾಗಿ ಇಳಿಯುತ್ತೆ, ಸಾಕು ಅನ್ನಿಸೋ ಹಾರ್ಮೋನುಗಳಾದ ಪಿವೈವೈ, ಜಿಎಲ್‌ಪಿ-1 ಏರುತ್ತೆ. ಇದು ಅರ್ಧ ಗಂಟೆ, ಒಂದು ಗಂಟೆ ಇರುತ್ತೆ, ಆಮೇಲೆ ಇಳಿದುಹೋಗುತ್ತೆ. ಅಷ್ಟೊತ್ತಿಗೆ ನೀವು ಕೆಲಸದಲ್ಲಿ ಮುಳುಗಿರ್ತೀರಿ, ಕಾಫಿ ಇನ್ನಷ್ಟು ಹೊತ್ತು ತಳ್ಳುತ್ತೆ, ಮಧ್ಯಾಹ್ನ ಬೇಕಂತಲೇ ಕಡಿಮೆ. ಅಂದ್ರೆ ಬೆಳಗ್ಗೆ ಐದರಿಂದ ಸಂಜೆ ಏಳರವರೆಗೆ ಹದಿನಾಲ್ಕು ಗಂಟೆ ಎದ್ದಿದೀರಿ, 6 ಕಿಮೀ ಓಡಿದೀರಿ, ಒಳಗೆ ಹೋಗಿದ್ದು ಒಂದು ಮಗುವಿನ ಊಟದಷ್ಟು. ಸಂಜೆ ಏಳಕ್ಕೆ ಕೈ ತಡೆಯಲ್ಲ ಅಂದ್ರೆ ಅದು ಬಾಯಿಚಪಲ ಅಲ್ಲ, ದಿನದ ಬಾಕಿ ಅದು, ಒಟ್ಟಿಗೆ ವಸೂಲಿಗೆ ಬಂದಿದೆ. ವಸೂಲಿಗೆ ಬಂದಾಗ ದೇಹ ತರಕಾರಿ ಕೇಳಲ್ಲ, ಸಕ್ಕರೆ ಎಣ್ಣೆ ಎರಡೂ ಇರೋದನ್ನೇ ಕೇಳುತ್ತೆ.

ನಿದ್ದೆನೂ ನೋಡಿ. ಐದೂಕಾಲು ಗಂಟೆ ಸಾಲಲ್ಲ. 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹನ್ನೆರಡು ಜನ ಆರೋಗ್ಯವಂತ ಯುವಕರನ್ನ ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿ ನೋಡಿದ್ರು, ಚೆನ್ನಾಗಿ ಮಲಗಿದ್ದಾಗಿನದಕ್ಕಿಂತ ಗ್ರೆಲಿನ್ 28% ಜಾಸ್ತಿ, ಹೊಟ್ಟೆ ತುಂಬಿದೆ ಅಂತ ಹೇಳೋ ಲೆಪ್ಟಿನ್ 18% ಕಮ್ಮಿ. ನಿಮ್ಮದು ನಾಲ್ಕು ಗಂಟೆ ಅಲ್ಲ ನಿಜ, ಆದ್ರೆ ಎರಡು ರಾತ್ರಿನೂ ಅಲ್ಲ, ನಾಲ್ಕು ತಿಂಗಳು.

ಹಸಿವಿಲ್ಲದಿದ್ರೂ ಓಡಿ ಬಂದ ಒಂದು ಗಂಟೆ ಒಳಗೆ ಏನಾದ್ರೂ ತಿನ್ನಿ. ಗಟ್ಟಿ ಪದಾರ್ಥ ಸೇರಲ್ಲ ಅಂದ್ರೆ ಹಾಲು, ಬಾಳೆಹಣ್ಣು, ಅರ್ಧ ಗಂಟೆ ಬಿಟ್ಟು ಎರಡು ಮೊಟ್ಟೆ. ಮಧ್ಯಾಹ್ನ ಹೊಟ್ಟೆ ತುಂಬಾ ಊಟ. ಎರಡು ವಾರ ಮಾಡಿ ನೋಡಿ.

ಮುಂಜಾನೆ_ಹೆಜ್ಜೆ:
ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಬೆಳಗ್ಗೆ ತಿನ್ನದೇ ಇರೋದನ್ನ ಶಿಸ್ತು ಅಂದ್ಕೊಂಡಿದ್ದೆ. ಬೆಳಗ್ಗೆ ಮಧ್ಯಾಹ್ನ ಜಾಸ್ತಿ ತಿಂದು ಸಂಜೆ ಕಮ್ಮಿ ತಿನ್ನೋದು ಅಂದ್ರೆ ಭಯ ಆಗುತ್ತೆ, ಆದ್ರೂ ಮಾಡ್ತೀನಿ.

ಕಬ್ಬಿಣ_ಎತ್ತೋನು:
ಸರಿ, ತಿನ್ನೋ ಮಾತು ಒಪ್ಕೋತೀನಿ. ಆದ್ರೆ ಕಾರ್ಡಿಯೋದಿಂದ ತೂಕ ಇಳಿಯಲ್ಲ ಅನ್ನೋದು ನಾನು ಕಟ್ಟಿದ ಕಥೆ ಅಲ್ಲ, ಅಧ್ಯಯನಗಳೇ ಇವೆ.

ಲೆಕ್ಕದ_ಪುಸ್ತಕ:
ಇವೆ, ಆದ್ರೆ ಅವು ನೀವು ಹೇಳಿದಷ್ಟು ಖಡಾಖಂಡಿತವಾಗಿ ಹೇಳಲ್ಲ. 2008ರಲ್ಲಿ ಬಂದ ಒಂದನ್ನ ನಾನು ಎಷ್ಟೋ ಸಲ ಓದಿದೀನಿ. 35 ಜನ, ಎಲ್ರದ್ದೂ ತೂಕ ಜಾಸ್ತಿ, 12 ವಾರ, ವಾರಕ್ಕೆ ಐದು ಸಲ, ಒಂದೊಂದು ಸಲಕ್ಕೆ 500 ಕ್ಯಾಲರಿ ಸುಡೋವರೆಗೆ ಎದುರಿಗೆ ನಿಂತು ವ್ಯಾಯಾಮ ಮಾಡ್ಸಿದ್ರು. ಸರಾಸರಿ 3.7 ಕೆಜಿ ಇಳೀತು. ಆದ್ರೆ ಸರಾಸರಿಯನ್ನ ಬಿಡಿಸಿ ನೋಡಿದ್ರೆ ಒಬ್ರು 14.7 ಕೆಜಿ ಇಳಿದಿದಾರೆ, ಇನ್ನೊಬ್ರು 1.7 ಕೆಜಿ ಏರಿದಾರೆ, ಇಬ್ರೂ ಮಾಡಿದ್ದು ಅಷ್ಟೇ ವ್ಯಾಯಾಮ. ನಿರೀಕ್ಷೆಗಿಂತ ಕಮ್ಮಿ ಇಳಿದವರಲ್ಲಿ ದಿನಕ್ಕೆ ತಿನ್ನೋದು ಸುಮಾರು 270 ಕ್ಯಾಲರಿ ಜಾಸ್ತಿ ಆಗಿತ್ತು, ಚೆನ್ನಾಗಿ ಇಳಿದವರಲ್ಲಿ 130 ಕಮ್ಮಿ ಆಗಿತ್ತು. ಹಾಗಾಗಿ ಕಾರ್ಡಿಯೋ ಹಸಿವು ಹೆಚ್ಚಿಸುತ್ತಾ ಅಂದ್ರೆ ಕೆಲವ್ರಿಗೆ ಹೌದು, ಕೆಲವ್ರಿಗೆ ಉಲ್ಟಾ. ಯಾರಿಗೆ ಯಾವುದು ಅಂತ ಮೊದಲೇ ಹೇಳೋಕಾಗಲ್ಲ, ಮಾಡಿ ನೋಡ್ಬೇಕು.

ಅಷ್ಟೇ ಅಲ್ಲ, ಜಾಸ್ತಿ ಮಾಡಿದಷ್ಟೂ ಜಾಸ್ತಿ ಇಳಿಯುತ್ತೆ ಅನ್ನೋದೂ ನೇರ ಲೆಕ್ಕ ಅಲ್ಲ. 2009ರಲ್ಲಿ 464 ಮಹಿಳೆಯರ ಮೇಲೆ ಆರು ತಿಂಗಳು ನಡೆಸಿದ ಅಧ್ಯಯನದ ವರದಿ ಬಂತು, ಮೂರು ಪ್ರಮಾಣದ ವ್ಯಾಯಾಮ ಕೊಟ್ಟಿದ್ರು. ಕಮ್ಮಿ, ಮಧ್ಯಮ ಗುಂಪಿನವರು ಹೆಚ್ಚೂಕಮ್ಮಿ ಲೆಕ್ಕ ಹಾಕಿದಷ್ಟೇ ಇಳಿದ್ರು, ಎಲ್ಲಕ್ಕಿಂತ ಹೆಚ್ಚು ಮಾಡಿದ ಗುಂಪು ಲೆಕ್ಕದ ಅರ್ಧದಷ್ಟೇ.

ಇನ್ನೂ ಹಳೇದು ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. 1956ರಲ್ಲಿ ಜಾನ್ ಮೇಯರ್ ಮತ್ತೆ ಅವರ ಜೊತೆಗಾರರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿ ಕೆಲಸಗಾರರ ಊಟ, ತೂಕ, ಕೆಲಸ ಮೂರನ್ನೂ ಹೋಲಿಸಿ ಬರೆದ್ರು. ಮೈಬಗ್ಗಿಸಿ ದುಡಿಯೋರು ಕೆಲಸ ಹೆಚ್ಚಿದಷ್ಟೂ ಹೆಚ್ಚು ತಿಂತಿದ್ರು, ತೂಕ ಮಾತ್ರ ಅವರಲ್ಲಿ ಹೆಚ್ಚೂಕಮ್ಮಿ ಒಂದೇ. ಆದ್ರೆ ಕೂತೇ ಕೆಲಸ ಮಾಡೋರು ಹಗುರ ಕೆಲಸ ಮಾಡೋರಿಗಿಂತ ಜಾಸ್ತಿ ತಿಂತಿದ್ರು, ತೂಕಾನೂ ಜಾಸ್ತಿ. ಅಂದ್ರೆ ಪೂರ್ತಿ ಕೂತಿದ್ರೆ ಹಸಿವಿನ ಅಳತೆಯೇ ಕೆಡುತ್ತೆ, ಸ್ವಲ್ಪ ಓಡಾಡಿದ್ರೆ ಅದು ದಾರಿಗೆ ಬರುತ್ತೆ. ಹಾಗಾಗಿ ಓಡೋದು ಬಿಡಿ ಅನ್ನೋ ಸಲಹೆ ನನಗೆ ಒಪ್ಪಿಗೆ ಇಲ್ಲ.

ಕಬ್ಬಿಣ_ಎತ್ತೋನು:
ಆ ಗಿರಣಿಯ ವಿಷಯ ಗೊತ್ತಿರ್ಲಿಲ್ಲ. ಪೂರ್ತಿ ಬಿಡಿ ಅಂದಿದ್ದು ಅವಸರದ ಮಾತು, ವಾಪಸ್ ತಗೋತೀನಿ. ಆದ್ರೂ ವಾರಕ್ಕೆ ಎರಡು ದಿನ ಭಾರ ಎತ್ತಿ ಅನ್ನೋದು ಉಳಿಸ್ಕೋತೀನಿ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಲ್ಲೂ ಕಾರ್ಡಿಯೋ ಜೊತೆ ಎರಡು ದಿನ ಸ್ನಾಯುವಿನ ವ್ಯಾಯಾಮ ಇದೆ. ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ಓಟ ಒಳ್ಳೇದು, ಅದ್ರಲ್ಲಿ ತಕರಾರಿಲ್ಲ.

ಎರಡನೇ_ಸುತ್ತು:
ಇಷ್ಟು ಹೊತ್ತು ಓದ್ತಾ ಇದ್ದೆ, ಬರೀಬೇಕೋ ಬೇಡ್ವೋ ಅಂತ ಯೋಚಿಸಿ ಬರೀತಿದೀನಿ. @ಮುಂಜಾನೆ_ಹೆಜ್ಜೆ ನೀವು "ಕೈ ತಡೆಯಲ್ಲ", "ತಿಂದ್ಮೇಲೆ ಬೇಜಾರು" ಅಂತ ಬರೆದಿದ್ದು ಓದಿ ನನ್ನ ಎದೆ ಝಲ್ ಅಂತು, ನಾನು ಅದೇ ದಾರೀಲಿ ಮೂರು ವರ್ಷ ಇದ್ದೆ.

ನಂದು ಶುರುವಾಗಿದ್ದೂ ಹೀಗೇ. ಓಡೋದು, ಕಮ್ಮಿ ತಿನ್ನೋದು, ಸಂಜೆ ಮಿತಿ ಮೀರಿ ತಿನ್ನೋದು. ಆಮೇಲೆ ಒಂದು ದಿನ ರಾತ್ರಿ ತಿಂದಿದ್ದಕ್ಕೆ ಪ್ರಾಯಶ್ಚಿತ್ತ ಅಂತ ಮಾರನೇ ದಿನ 6 ಬದಲು 10 ಕಿಮೀ ಓಡ್ದೆ. ಅಲ್ಲಿಂದ ಓಟದ ಅರ್ಥಾನೇ ಬದಲಾಯ್ತು. ಮೊದಲು ಓಡೋಕೆ ಅಂತ ಓಡ್ತಿದ್ದೆ, ಆಮೇಲೆ ತಿಂದಿದ್ದು ಕರಗಿಸೋಕೆ ಓಡ್ದೆ, ಅದಕ್ಕಿಂತ ಮುಂದೆ ಹೋಗಿ ಸಂಜೆ ತಿನ್ತೀನಿ ಅಂತ ಗೊತ್ತಿದ್ದೇ ಬೆಳಗ್ಗೆ ಮುಂಗಡವಾಗಿ ಓಡ್ತಿದ್ದೆ. ಜ್ವರ ಇದ್ದಾಗ ಓಡಿದೀನಿ, ಮೊಣಕಾಲು ಊದಿದ್ದಾಗ ಓಡಿದೀನಿ. ಓಡಿದಷ್ಟೂ ಹಸಿವು, ಹಸಿವಾದಷ್ಟೂ ತಿನ್ನೋದು, ತಿಂದಷ್ಟೂ ಓಡೋದು. ಸುತ್ತಮುತ್ತ ಎಲ್ರೂ ನನ್ನ ಶಿಸ್ತು ಹೊಗಳ್ತಿದ್ರು. ಹೋಗ್ತಿದ್ದ ಜಿಮ್‌ನ ಟ್ರೇನರ್ ಹತ್ರ ಹೇಳ್ಕೊಂಡಾಗ ಇನ್ನರ್ಧ ಗಂಟೆ ಟ್ರೆಡ್‌ಮಿಲ್ ಮಾಡಿ ಸರಿಹೋಗುತ್ತೆ ಅಂದ್ರು, ಆ ಮಾತು ನನಗೆ ಇನ್ನೊಂದು ವರ್ಷ ನುಂಗ್ತು. ಮುಟ್ಟು ಏಳು ತಿಂಗಳು ನಿಂತೋಗಿತ್ತು, ಅಷ್ಟಾದ್ಮೇಲೆ ಮಾತ್ರ ಡಾಕ್ಟರ್ ಹತ್ರ ಹೋದೆ.

ಡಾಕ್ಟರ್ ಹೇಳಿದ್ಮೇಲೆ ನನಗೆ ಗೊತ್ತಾಗಿದ್ದು, ಕೈ ಮೀರಿ ತಿಂದು ಅದನ್ನ ಅಳಿಸೋಕೆ ಅಂತ ವಿಪರೀತ ವ್ಯಾಯಾಮ ಮಾಡೋದು ವಾಂತಿ ಮಾಡ್ಕೊಳ್ಳೋ ಜೊತೆಗೇ ಲೆಕ್ಕಕ್ಕೆ ಬರುತ್ತೆ, ಬುಲಿಮಿಯಾ ಅನ್ನೋ ತಿನ್ನೋದಕ್ಕೆ ಸಂಬಂಧಿಸಿದ ಕಾಯಿಲೆ ಗುರುತಿಸೋ ಲಕ್ಷಣಗಳಲ್ಲಿ ಅದೂ ಒಂದು. ಅಳಿಸೋ ಪ್ರಯತ್ನ ಇಲ್ಲದೆ ಪದೇ ಪದೇ ಹೀಗೆ ತಿನ್ನೋದೂ ಒಂದು ಪ್ರತ್ಯೇಕ ಕಾಯಿಲೆ ಅಂತ 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಸೇರಿದೆ. ವಾರಕ್ಕೆ ಒಂದು ಸಲದಂತೆ ಮೂರು ತಿಂಗಳು ನಡೆದಿದ್ರೂ ಸಾಕು ಅಂತ ಅದ್ರಲ್ಲಿದೆ. ಎರಡಕ್ಕೂ ಚಿಕಿತ್ಸೆ ಇದೆ, ಮಾತಿನ ಚಿಕಿತ್ಸೆಯಿಂದಲೇ ತುಂಬಾ ಜನ ಸುಧಾರಿಸ್ತಾರೆ, ನಾನೂ ಹಾಗೇ ಸುಧಾರಿಸಿದ್ದು.

ನಿಮಗೆ ಅದಿದೆ ಅಂತ ನಾನು ಹೇಳ್ತಿಲ್ಲ, ಹೇಳೋಕೆ ನಾನು ಡಾಕ್ಟರ್ ಅಲ್ಲ. ಹಳೇ ಓಟಗಾರ್ ಸರ್ ಹೇಳಿದ ಹಾಗೆ ಸರಿಯಾಗಿ ತಿಂದ್ರೆ ನಿಮ್ಮದು ಬಗೆಹರೀಬಹುದು, ನನ್ನ ಚಿಕಿತ್ಸೆ ಶುರುವಾಗಿದ್ದೂ ಹೊತ್ತೊತ್ತಿಗೆ ತಿನ್ನೋದ್ರಿಂದ್ಲೇ. ನಾನು ಕೇಳೋದು ಇಷ್ಟೇ, ಜಾಸ್ತಿ ತಿಂದ ಮಾರನೇ ದಿನ ಶಿಕ್ಷೆ ಅಂತ ದೂರ ಜಾಸ್ತಿ ಮಾಡ್ತೀರಾ? ಓಡೋಕಾಗದ ದಿನ ತಿನ್ನೋಕೆ ಭಯ ಆಗುತ್ತಾ? ಮನೆಯವ್ರಿಗೆ ಕಾಣದ ಹಾಗೆ ತಿಂತೀರಾ? ಇಲ್ಲಿ ಉತ್ತರ ಕೊಡ್ಬೇಕಿಲ್ಲ. ಹೌದು ಅನ್ನಿಸಿದ್ರೆ ದಯವಿಟ್ಟು ಡಯಟ್ ಹುಡುಕ್ಬೇಡಿ, ಡಾಕ್ಟರನ್ನ ಹುಡುಕಿ.

ಪೆಡಲ್:
ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕ. ಮುಂಗಡವಾಗಿ ಓಡೋದು ಅನ್ನೋದು ಓದಿ ನನಗೆ ನನ್ನ ತಂಗಿ ನೆನಪಾದ್ಲು, ಇವತ್ತೇ ಮಾತಾಡ್ತೀನಿ.

ಹಳೇ_ಓಟಗಾರ:
ಮೇಡಂ ಹೇಳಿದ ಮುಟ್ಟು ನಿಲ್ಲೋ ವಿಷಯ ಯಾರೂ ಹಗುರವಾಗಿ ತಗೋಬೇಡಿ. ಸುಡೋದಕ್ಕೆ ತಕ್ಕಷ್ಟು ತಿನ್ನದೇ ಇದ್ರೆ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತೆ, ಮೂಳೆ ಸವೆಯುತ್ತೆ, ಗಂಡಸರಲ್ಲೂ ಟೆಸ್ಟೋಸ್ಟಿರಾನ್ ಇಳಿಯುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರೇ ಕೊಟ್ಟಿದೆ, ರೆಡ್-ಎಸ್ ಅಂತ. ತೂಕ ಸರಿಯಾಗಿದ್ದವರಿಗೂ ಬರುತ್ತೆ, ಅದಕ್ಕೆ ಕಣ್ಣಿಗೆ ಬೀಳಲ್ಲ.

ನೀರಲ್ಲಿ_ಮೀನು:
ಈಜೋರ ಕಡೆಯಿಂದ ಒಂದು ಮಾತು. ಈಜಿ ಬಂದ್ರೆ ನನಗೆ ಓಡಿದ್ದಕ್ಕಿಂತ ಎರಡರಷ್ಟು ಹಸಿವು. ನೀರು ತಣ್ಣಗಿದ್ದಷ್ಟೂ ಜಾಸ್ತಿ. ಇದನ್ನೂ ಅಳೆದು ನೋಡಿದಾರೆ, 20 ಡಿಗ್ರಿ ನೀರಲ್ಲಿ ವ್ಯಾಯಾಮ ಮಾಡಿದವ್ರು 33 ಡಿಗ್ರಿ ನೀರಲ್ಲಿ ಅಷ್ಟೇ ಮಾಡಿದ್ದಕ್ಕಿಂತ ಆಮೇಲೆ 44% ಜಾಸ್ತಿ ತಿಂದ್ರು. ಈಗ ನಾನು ಈಜಿ ಬಂದ ತಕ್ಷಣ ಬೆಚ್ಚಗೆ ಬಟ್ಟೆ ಹಾಕ್ಕೊಂಡು ಬಿಸಿಯಾಗಿ ಏನಾದ್ರೂ ಕುಡೀತೀನಿ, ಇಪ್ಪತ್ತು ನಿಮಿಷ ಬಿಟ್ಟು ಊಟ. ನನಗೆ ಕೆಲಸ ಮಾಡಿದೆ.

ಮುಂಜಾನೆ_ಹೆಜ್ಜೆ:
ಮೂರು ವಾರ ಆಯ್ತು, ಬಂದು ಹೇಳ್ಬೇಕು ಅಂತಿತ್ತು.

ಮೊದಲನೇದು, @ಎರಡನೇ_ಸುತ್ತು ಅವರೇ, ನಿಮ್ಮ ಮೂರು ಪ್ರಶ್ನೆಲಿ ಒಂದಕ್ಕೆ ನನ್ನ ಉತ್ತರ ಹೌದು ಅಂತಿತ್ತು. ಅದನ್ನ ಹೆಂಡತಿ ಹತ್ರ ಹೇಳ್ಕೊಂಡೆ, ಅವಳಿಗೆ ಮೊದಲೇ ಗೊತ್ತಿತ್ತಂತೆ. ಡಾಕ್ಟರ್ ಹತ್ರಾನೂ ಒಂದ್ಸಲ ಹೋಗ್ಬಂದೆ. ಸದ್ಯಕ್ಕೆ ಊಟ ನಿದ್ದೆ ಸರಿ ಮಾಡ್ಕೊಂಡು ಒಂದು ತಿಂಗಳು ಬಿಟ್ಟು ಬನ್ನಿ ಅಂದಿದಾರೆ.

ವಾಚನ್ನ ಆ್ಯಪ್‌ನಿಂದ ಬಿಡಿಸ್ದೆ, ವಾಚಲ್ಲಿ ಕ್ಯಾಲರಿ ತೋರ್ಸೋದನ್ನೂ ತೆಗ್ದೆ, ಈಗ ದೂರ, ಸಮಯ ಎರಡೇ ಕಾಣೋದು. ಓಡಿ ಬಂದು ಹಾಲು ಬಾಳೆಹಣ್ಣು, ಸ್ನಾನ ಆದ್ಮೇಲೆ ಮೊಟ್ಟೆ. ಮೊದಲ ನಾಲ್ಕು ದಿನ ವಾಕರಿಕೆ ಬರೋ ಹಾಗೇ ಇತ್ತು, ಐದನೇ ದಿನದಿಂದ ಬೆಳಗ್ಗೆನೇ ಹಸಿವು ಶುರು. ಮಧ್ಯಾಹ್ನ ಹೊಟ್ಟೆ ತುಂಬಾ ತಿಂತೀನಿ. ಓಟ ಐದು ದಿನದಿಂದ ನಾಲ್ಕಕ್ಕೆ ಇಳಿಸ್ದೆ, ಆ ಒಂದು ದಿನ ಪೂರ್ತಿ ನಿದ್ದೆ. ಮೊದಲು ವಾರಕ್ಕೆ ನಾಲ್ಕೈದು ಸಂಜೆ ಕೈ ಮೀರ್ತಿತ್ತು, ಹೋದ ವಾರ ಒಂದೇ ಒಂದು, ಅದೂ ಮಧ್ಯಾಹ್ನ ಮೀಟಿಂಗ್ ಅಂತ ಊಟ ತಪ್ಪಿದ ದಿನ. ತೂಕ 83.1, ಅಂಥದ್ದೇನೂ ಇಳಿದಿಲ್ಲ.

ಲೆಕ್ಕದ_ಪುಸ್ತಕ:
ತೂಕದ ಬಗ್ಗೆ ಈಗ್ಲೇ ಏನೂ ತೀರ್ಮಾನ ಮಾಡ್ಬೇಡಿ. ಓಡೋ ಅಭ್ಯಾಸ ಆದ್ಮೇಲೆ ಸ್ನಾಯು ಗ್ಲೈಕೋಜನ್, ಅಂದ್ರೆ ಸಕ್ಕರೆಯ ದಾಸ್ತಾನು, ಜಾಸ್ತಿ ಕೂಡಿಡುತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ನಿಲ್ಲುತ್ತೆ. ನೀವು ಮೊದಲು ಏರಿಸ್ಕೊಂಡ ಒಂದೂವರೆ ಕೆಜಿಲೂ ಸ್ವಲ್ಪ ಭಾಗ ಅದೇ ಇರ್ಬಹುದು. ಸೊಂಟಕ್ಕೆ ಟೇಪ್ ಹಿಡಿದು ತಿಂಗಳಿಗೊಂದ್ಸಲ ಬರೆದಿಡಿ.

ಮುಂಜಾನೆ_ಹೆಜ್ಜೆ:
ಆಯ್ತು ಸರ್. ಇನ್ನೊಂದು ಸಂದೇಹ. ಮುಂದಿನ ಭಾನುವಾರ ಮೊದಲ ಸಲ 14 ಕಿಮೀ ಓಡೋಣ ಅಂತಿದೀನಿ, ಗೆಳೆಯರ ಜೊತೆ. ಉದ್ದದ ಓಟದ ಮಾರನೇ ದಿನ ಹಸಿವು ಹೆಚ್ಚು ಅಂತಾರೆ, ಸೋಮವಾರ ಮತ್ತೆ ಹಳೇ ಕಥೆ ಆಗುತ್ತೇನೋ ಅಂತ ದಿಗಿಲು.

ಪೆಡಲ್:
ಹೌದು ನನಗೂ ಮಾರನೇ ದಿನವೇ ಜಾಸ್ತಿ. ಓಟ ಒಂದು ಗಂಟೆ ದಾಟುತ್ತಲ್ವಾ, ಹಾಗಾದ್ರೆ ಓಡುವಾಗ್ಲೇ ತಿನ್ನಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನೋದು ರೂಢಿ, ಒಂದು ದೊಡ್ಡ ಬಾಳೆಹಣ್ಣಲ್ಲೇ 30 ಹತ್ರ ಬರುತ್ತೆ. ಭಾನುವಾರ ಮಧ್ಯಾಹ್ನ ಸಂಜೆ ಎರಡೂ ಸರಿಯಾಗಿ ಊಟ. ಸೋಮವಾರ ಹಸಿವು ಜಾಸ್ತಿ ಆದ್ರೆ ಜಾಸ್ತಿ ತಿನ್ನಿ, ಅದು ಹಳೇ ಕಥೆ ಅಲ್ಲ, ನಿಜವಾಗ್ಲೂ ಹಸಿವು ಅದು. ಬೆಳಗ್ಗೆ ಮಧ್ಯಾಹ್ನಕ್ಕೆ ಸೇರ್ಸಿ ತಿನ್ನಿ, ಸಂಜೆಗೆ ಬಿಡ್ಬೇಡಿ.

ಎರಡನೇ_ಸುತ್ತು:
ಸೋಮವಾರ ಓಡ್ಬೇಡಿ, ಅದೊಂದು ನನ್ನ ಕಡೆಯಿಂದ ಸೇರಿಸ್ಕೊಳ್ಳಿ.

ಮುಂಜಾನೆ_ಹೆಜ್ಜೆ:
ಓಡಲ್ಲ. ಅಲಾರಂ ಈಗ್ಲೇ ತೆಗೆದೆ.